ಮಕ್ಕಳ ಗೆಳೆತನ ಅಳೆಯಬೇಕಾ? ಉಂಬಳದಿಂದ ಶುರು ಮಾಡಿ

ಶಿವಮೊಗ್ಗ ಸುತ್ತಮುತ್ತಲಿನ ಬಿ.ಎಡ್. ವಿದ್ಯಾರ್ಥಿಗಳು, ತಮ್ಮ ಕ್ಲಾಸಿನ ಮೇಲೆಯೇ ಸಣ್ಣ ಅಧ್ಯಯನ ಮಾಡುವ ಕ್ರಿಯಾ ಸಂಶೋಧನೆಗೆ ಇಳಿದ ಮೇಷ್ಟ್ರುಗಳು ಆಗಾಗ ನನ್ನ ಹತ್ತಿರ ಪ್ರಶ್ನಾವಳಿ ಹಿಡಿದುಕೊಂಡು ಬರುತ್ತಾರೆ. ವಿಷಯ ಮಕ್ಕಳ ಗೆಳೆತನ. ತಪ್ಪು ಪ್ರತಿ ಸಲವೂ ಅದೇ. ಇಂಗ್ಲಿಷ್ ವಾಕ್ಯಗಳನ್ನು ಮೊಬೈಲಿಗೆ ಹಾಕಿ ಕನ್ನಡ ಮಾಡಿಸಿ, ಜೆರಾಕ್ಸ್ ಹೊಡೆಸಿರುತ್ತಾರೆ. ‘ನನ್ನ ಸಮವಯಸ್ಕರು ನನ್ನನ್ನು ಸ್ವೀಕರಿಸುತ್ತಾರೆ’ ಅಂತ ಒಂದು ವಾಕ್ಯ ಇತ್ತು. ಐದನೇ ಕ್ಲಾಸಿನ ಹುಡುಗ ಎದ್ದು ನಿಂತು, ‘ಸಾರ್, ಸ್ವೀಕರಿಸೋದು ಅಂದ್ರೆ ಬಹುಮಾನನಾ?’ ಅಂದ. ಅವನದೇನು ತಪ್ಪು?

ಮೊದಲು, ಏನು ಅಳೆಯಬೇಕು ಅಂತ ತೀರ್ಮಾನ ಮಾಡಿ. ಒಬ್ಬ ಹುಡುಗ ಕ್ಲಾಸಿನಲ್ಲಿ ಎಷ್ಟು ಜನಕ್ಕೆ ಬೇಕಾದವನು ಅನ್ನುವುದು ಒಂದು ಪ್ರಶ್ನೆ. ಅವನಿಗೆ ಒಬ್ಬ ಆಪ್ತ ಗೆಳೆಯ ಇದ್ದಾನಾ, ಆ ಗೆಳೆತನ ಹೇಗಿದೆ ಅನ್ನುವುದು ಬೇರೆ ಪ್ರಶ್ನೆ. ಮೊದಲನೆಯದಕ್ಕೆ ‘ಯಾರ ಪಕ್ಕ ಕೂರಲು ಇಷ್ಟ?’ ಅಂತ ಹೆಸರು ಬರೆಸುವ ಪದ್ಧತಿ ಇದೆ, ಮನೋವೈದ್ಯ ಜೇಕಬ್ ಮೊರೆನೊ 1934ರಷ್ಟು ಹಿಂದೆಯೇ ಯಾರು ಯಾರನ್ನು ಆರಿಸಿದರು ಅನ್ನುವುದರ ನಕ್ಷೆ ಬರೆದು ತೋರಿಸಿದ್ದ. ಎರಡನೆಯದಕ್ಕೆ ಮನೋವಿಜ್ಞಾನಿ ಬುಕೊವ್ಸ್ಕಿ ಮತ್ತು ಸಂಗಡಿಗರು 1994ರಲ್ಲಿ 23 ವಾಕ್ಯಗಳ ಮಾಪನ, ಅಂದರೆ ಅಂಕ ಹಾಕಿ ಅಳೆಯುವ ಪ್ರಶ್ನಾವಳಿ, ಪ್ರಕಟಿಸಿದರು. ಒಡನಾಟ, ಜಗಳ, ಸಹಾಯ, ಭರವಸೆ, ಆಪ್ತತೆ ಅಂತ ಅದರಲ್ಲಿ ಐದು ಭಾಗ. ನನಗೆ ಈ ಚೌಕಟ್ಟೇ ಇಷ್ಟ. ಜಗಳಕ್ಕೂ ಒಂದು ಜಾಗ ಇಟ್ಟಿದ್ದಾರೆ. ಬೆಳಿಗ್ಗೆ ಠೂ ಬಿಟ್ಟು ಮಧ್ಯಾಹ್ನ ಒಂದೇ ಡಬ್ಬಿಯಲ್ಲಿ ಕೈ ಹಾಕುವವರು ಗೆಳೆಯರೇ ಅಲ್ವಾ?

ಆಮೇಲೆ ಹೆಡ್‌ಮಾಸ್ಟರ್, ಅಪ್ಪ ಅಮ್ಮ, ಮಗು ಮೂವರ ಒಪ್ಪಿಗೆ ತೆಗೆದುಕೊಳ್ಳಿ. ಮಗು ಬೇಡ ಅಂದರೆ ಬೇಡ.

ಇನ್ನು ವಾಕ್ಯ ಬರೆಯುವುದು. ಎಲ್ಲರೂ ಎಡವುವುದು ಇಲ್ಲೇ, ಅವಸರ ಮಾಡಬೇಡಿ. ಶಾಲೆ ಬಿಟ್ಟ ಮೇಲೆ ಒಬ್ಬರ ಮನೆಗೊಬ್ಬರು ಹೋಗುತ್ತೀರಾ ಅನ್ನುವಂಥ ವಾಕ್ಯ ಈ ಮಾಪನಗಳಲ್ಲಿ ಇರುತ್ತದೆ. ಹೊಸನಗರದ ಕಡೆ ಮನೆಗೂ ಮನೆಗೂ ನಡುವೆ ಒಂದು ಗುಡ್ಡ, ಒಂದು ಹಳ್ಳ. ಅಲ್ಲಿಯ ಹುಡುಗಿ ‘ಇಲ್ಲ’ ಅಂತ ಗುರುತು ಹಾಕುತ್ತಾಳೆ. ನೀವು ಅವಳಿಗೆ ಗೆಳತಿಯರೇ ಕಡಿಮೆ ಅಂತ ವರದಿ ಬರೆಯುತ್ತೀರಿ.

ಹಾಗಾಗಿ ಬಿಸಿಯೂಟ ಆದ ಮೇಲೆ ಆರೇಳು ಮಕ್ಕಳನ್ನು ಜಗುಲಿಯಲ್ಲಿ ಕೂರಿಸಿಕೊಂಡು ಸುಮ್ನೆ ಕೇಳಿ: ‘ಅವನು ನಿನ್ನ ಫ್ರೆಂಡು ಅಂತೀಯಲ್ಲ, ಏನು ಮಾಡ್ತಾನೆ?’ ನಾನು ಕೇಳಿದಾಗ ಒಬ್ಬ ‘ಉಂಬಳ ಹತ್ತಿದ್ರೆ ಕಿತ್ತು ಹಾಕ್ತಾನೆ’ ಅಂದ. ಉಂಬಳ ಅಂದರೆ ಮಳೆಗಾಲದಲ್ಲಿ ಕಾಲಿಗೆ ಹತ್ತಿ ರಕ್ತ ಹೀರುವ ಜಿಗಣೆ. ಒಬ್ಬಳು ‘ಕೊಡೆ ಮರೆತ್ರೆ ಅವಳ ಕೊಡೇಲಿ ಕರ್ಕೊಂಡು ಹೋಗ್ತಾಳೆ, ಅವಳ ಚೀಲ ನೆನೆದ್ರೂ’ ಅಂದಳು. ಸಹಾಯದ ಭಾಗಕ್ಕೆ ಇದಕ್ಕಿಂತ ಒಳ್ಳೆಯ ವಾಕ್ಯ ನಾವು ಕುರ್ಚಿಯಲ್ಲಿ ಕೂತು ಬರೆಯಲಾರೆವು. ಆದರೆ ವಾಕ್ಯ ಬದಲಾದರೆ ಮಾಪನವೂ ಬದಲಾಯಿತು. ಮೂಲದ ಅಂಕಗಳ ಜೊತೆ ನಿಮ್ಮ ಅಂಕ ಹೋಲಿಸಲು ಹೋಗಬೇಡಿ.

ಕನ್ನಡದಲ್ಲೇ ಎರಡು ಹೊಂಡಗಳಿವೆ. ಒಂದು, ನಮ್ಮ ಕ್ರಿಯಾಪದಕ್ಕೆ ಗಂಡು ಹೆಣ್ಣು ಅಂಟಿಕೊಂಡಿರುತ್ತದೆ. ‘ಗೆಳೆಯ/ಗೆಳತಿ ಸಹಾಯ ಮಾಡುತ್ತಾನೆ/ಳೆ’ ಅಂತ ಗೀಟು ಹಾಕಿದರೆ ಓದುವ ಮಗು ಅಲ್ಲೇ ಮುಗ್ಗರಿಸುತ್ತದೆ. ‘ಉಂಬಳ ಹತ್ತಿದರೆ ನಾವಿಬ್ಬರೂ ಒಬ್ಬರಿಗೊಬ್ಬರು ಕಿತ್ತು ಹಾಕುತ್ತೇವೆ’ ಅಂತ ತಿರುಗಿಸಿ ಬರೆಯಿರಿ, ತಾಪತ್ರಯ ಇಲ್ಲ. ಎರಡು, ‘ನನಗೆ ಆಟಕ್ಕೆ ಯಾರೂ ಜೊತೆ ಇಲ್ಲ’ ಅನ್ನುವಂಥ ವಾಕ್ಯಕ್ಕೆ ಹೌದು–ಇಲ್ಲ ಉತ್ತರ ಕೇಳುವುದು. ಯಾರೂ ಇಲ್ಲದ ಮಗು ‘ಹೌದು, ಇಲ್ಲ’ ಅನ್ನುತ್ತದೆ, ‘ಇಲ್ಲ, ಯಾರೂ ಇಲ್ಲ’ ಅಂತಲೂ ಅನ್ನುತ್ತದೆ. ನಮ್ಮ ಮಾತಿನಲ್ಲಿ ಎರಡೂ ಸರಿಯೇ. ಕಾಗದದ ಮೇಲೆ ಒಂದಕ್ಕೊಂದು ಉಲ್ಟಾ. ‘ಆಟದ ಹೊತ್ತಿನಲ್ಲಿ ಒಬ್ಬನೇ ಕೂತಿರುತ್ತೇನೆ’ ಅಂತ ನೇರವಾಗಿ ಬರೆಯಿರಿ. ಹುಡುಗಿಯರ ಹಾಳೆಯಲ್ಲಿ ‘ಒಬ್ಬಳೇ’.

ಬರೆದಾದ ಮೇಲೆ ಐದಾರು ಮಕ್ಕಳಿಗೆ ಒಬ್ಬೊಬ್ಬರಿಗೇ ಓದಿ ಹೇಳಿ, ‘ಇದು ಏನು ಕೇಳ್ತಿದೆ, ನಿನ್ನ ಮಾತಲ್ಲಿ ಹೇಳು’ ಅನ್ನಿ. ಇಬ್ಬರು ತಡವರಿಸಿದರೆ ಆ ವಾಕ್ಯ ಕಿತ್ತು ಹಾಕಿ. ಮಾಪನ ಮಾರುವ ಅಂಗಡಿಯಿಂದ ತಂದ ರೆಡಿಮೇಡ್ ಕಿಟ್ಟೊಂದನ್ನು ನಾನು ಒಮ್ಮೆ ಹೀಗೆ ಓದಿ ನೋಡಿದ್ದೆ. ಅರ್ಧಕ್ಕರ್ಧ ವಾಕ್ಯ ಉದುರಿದವು. ದುಡ್ಡು ದಂಡ.

ಉತ್ತರಕ್ಕೆ ಸಣ್ಣ ಮಕ್ಕಳಾದರೆ ಮೂರೇ ಆಯ್ಕೆ ಸಾಕು. ತುಂಬಿದ ಲೋಟ, ಅರ್ಧ ಲೋಟ, ಖಾಲಿ ಲೋಟದ ಚಿತ್ರ ಹಾಕಿ. ನಗುವ ಮುಖ, ಅಳುವ ಮುಖ ಮಾತ್ರ ಬೇಡ, ಮಕ್ಕಳು ನಗುವ ಮುಖವನ್ನೇ ಆರಿಸುತ್ತಾರೆ. ‘ನನಗೆ ಹಲಸಿನ ಹಣ್ಣು ಇಷ್ಟ’ ಅಂತ ಮೊದಲು ಅಭ್ಯಾಸ ಮಾಡಿಸಿ. ನಡುನಡುವೆಯೂ ಇಂಥ ಹಗುರದ ವಾಕ್ಯ ಇರಲಿ. ಆಶರ್, ಹೈಮೆಲ್, ರೆನ್‌ಶಾ ಎಂಬ ಸಂಶೋಧಕರ 1984ರ ಒಂಟಿತನದ ಮಾಪನದಲ್ಲಿ 24ರ ಪೈಕಿ 8 ವಾಕ್ಯ ಹವ್ಯಾಸ, ಇಷ್ಟದ ಬಗ್ಗೆಯೇ. ಮಕ್ಕಳು ಬಿಗಿ ಬಿಟ್ಟು ಕೂರಲಿ ಅಂತ. ‘ಯಾರನ್ನು ಕಂಡರೆ ಆಗಲ್ಲ?’ ಅನ್ನುವ ಪ್ರಶ್ನೆ ಪುಸ್ತಕದಲ್ಲಿದ್ದರೂ ಹಾಕಬೇಡಿ. ಸಂಜೆ ಬಸ್ಸಿನಲ್ಲಿ ಅದರದ್ದೇ ಜಗಳ.

ಹಾಳೆ ಕೊಡುವ ದಿನ ಆರಿದ್ರೆ, ಪುನರ್ವಸು ಮಳೆಯಲ್ಲಿ ಬೇಡ. ಜಿಂಕ್ ಶೀಟಿನ ಸದ್ದಿನಲ್ಲಿ ನೀವು ಓದಿದ್ದು ಹಿಂದಿನ ಬೆಂಚಿಗೆ ಕೇಳಲ್ಲ, ಅರ್ಧ ಕ್ಲಾಸು ಬಂದಿರುವುದೂ ಇಲ್ಲ. ಮೊಬೈಲ್ ಫಾರ್ಮ್ ಕಳಿಸುವುದು ಇನ್ನೂ ಕೆಟ್ಟ ಉಪಾಯ. ನೆಟ್‌ವರ್ಕ್ ಸಿಕ್ಕ ಮನೆಯಲ್ಲಿ ಅಮ್ಮನೇ ತುಂಬಿ ಕಳಿಸುತ್ತಾರೆ. ಕ್ಲಾಸ್ ಟೀಚರ್ ಹೊರಗಿರಲಿ. ಒಮ್ಮೆ ನಾನು ಸಂಕೋಚಕ್ಕೆ ಇರಿ ಅಂದುಬಿಟ್ಟೆ. ಅವರು ಬೆಂಚು ಬೆಂಚಿಗೆ ಬಗ್ಗಿ ನೋಡುತ್ತಾ ಓಡಾಡಿದರು. ಇಡೀ ಕ್ಲಾಸಿನ ಲೋಟ ತುಂಬಿತ್ತು!

ಅಂಕ ಹಾಕುವುದು ಸುಲಭ. ತುಂಬಿದ ಲೋಟಕ್ಕೆ 3, ಅರ್ಧಕ್ಕೆ 2, ಖಾಲಿಗೆ 1. ‘ಒಬ್ಬನೇ ಕೂತಿರುತ್ತೇನೆ’ ಥರದ ಉಲ್ಟಾ ವಾಕ್ಯವಿದ್ದರೆ ಬಂದ ಅಂಕವನ್ನು 4ರಿಂದ ಕಳೆಯಿರಿ. ಜಗಳದ ಅಂಕವನ್ನು ಮಾತ್ರ ಒಟ್ಟಿಗೆ ಸೇರಿಸದೆ ಬೇರೆಯೇ ಇಡಿ. ಇದೆಲ್ಲ ಒಂದು ಮಗು ಹೇಳಿದ ಮಾತು ಅಷ್ಟೇ. ಒಬ್ಬ ಯಾರನ್ನು ಗೆಳೆಯ ಅಂತ ಬರೆದನೋ, ಆ ಗೆಳೆಯ ತನ್ನ ಹಾಳೆಯಲ್ಲಿ ಇವನ ಹೆಸರು ಬರೆದಿದ್ದಾನಾ ಅಂತಲೂ ನೋಡಿ. ಯಾವ ಮಗುವಿನದ್ದಾದರೂ ಎಲ್ಲ ಲೋಟ ಖಾಲಿ ಇದ್ದರೆ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗಬೇಡಿ, ಪಕ್ಕಕ್ಕೆ ಕರೆದು ಮೆಲ್ಲಗೆ ಮಾತಾಡಿಸಿ. ಹೊಡೆತ, ಹಿಂಸೆಯ ಸುಳಿವು ಸಿಕ್ಕರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಹಾಳೆಯ ಮೇಲೆ ತುಂಬಿದ ಮಗುವಿನ ಹೆಸರು ಬೇಡ, ನಂಬರ್ ಇರಲಿ. ಯಾವ ನಂಬರ್ ಯಾರದ್ದು ಅನ್ನುವ ಪಟ್ಟಿ ನಿಮ್ಮ ಹತ್ತಿರ ಮಾತ್ರ ಇರಲಿ. ಕೆಲಸ ಮುಗಿದ ಮೇಲೆ ರದ್ದಿಗೆ ಹಾಕಬೇಡಿ, ಊರಿನ ಅಂಗಡಿಯಲ್ಲಿ ಕಡಲೆ ಕಟ್ಟಿ ಕೊಡುತ್ತಾರೆ. ಹಾಳೆ, ಪಟ್ಟಿ ಎರಡನ್ನೂ ಬಚ್ಚಲೊಲೆಗೆ ಹಾಕಿ.