ಮಾತ್ರೆ ಮೊದಲು, ಬಟ್ಟೆ ಆಮೇಲೆ

ನನಗೆ 71 ವರ್ಷ. ಶುಗರ್, ಬಿಪಿ ಎರಡೂ ಇವೆ, ಮಂಡಿನೋವು ಬೇರೆ. ಆರು ವರ್ಷದ ಹಿಂದೆ ಮಗಳ ಮನೆಗೆ ವಿಮಾನದಲ್ಲಿ ಹೊರಟಾಗ ಮಾತ್ರೆ, ಇನ್ಸುಲಿನ್ ಎಲ್ಲವನ್ನೂ ದೊಡ್ಡ ಸೂಟ್‌ಕೇಸಿಗೆ ತುಂಬಿ ಕೌಂಟರಿನಲ್ಲಿ ಕೊಟ್ಟುಬಿಟ್ಟೆ. ನಾನು ಇಳಿದೆ, ಸೂಟ್‌ಕೇಸ್ ಇಳಿಯಲಿಲ್ಲ. ಅದು ಬಂದದ್ದು ಎರಡು ದಿನ ಬಿಟ್ಟು.

ಮಗಳು ಹತ್ತಿರದ ಡಾಕ್ಟರ ಬಳಿ ಕರೆದುಕೊಂಡು ಹೋದಳು. "ಯಾವ್ಯಾವ ಮಾತ್ರೆ ತಗೋತೀರಿ?" ಅಂತ ಅವರು ಕೇಳಿದರು. "ಬೆಳಿಗ್ಗೆ ಸಣ್ಣದೊಂದು ಬಿಳಿ, ರಾತ್ರಿ ದೊಡ್ಡದೊಂದು ಬಿಳಿ" ಅಂದೆ. ಅವರು ಸುಮ್ನೆ ನನ್ನ ಮುಖ ನೋಡಿದರು.

ಈಗ ಹೊರಡುವ ಒಂದು ತಿಂಗಳ ಮುಂಚೆಯೇ ನಮ್ಮ ಡಾಕ್ಟರನ್ನು ನೋಡಿ ಒಂದು ಹಾಳೆ ಬರೆಸಿಕೊಳ್ಳುತ್ತೇನೆ. ಅದರಲ್ಲಿ ಕಂಪನಿ ಇಟ್ಟ ಹೆಸರಲ್ಲ, ಔಷಧಿಯ ಮೂಲ ಹೆಸರೇ ಇರಬೇಕು. ಶುಗರಿನ ಮೆಟ್‌ಫಾರ್ಮಿನ್, ಬಿಪಿಯ ಆಮ್ಲೋಡಿಪಿನ್ ಅಂದರೆ ಬೇರೆ ದೇಶದ ಡಾಕ್ಟರಿಗೂ ಗೊತ್ತಾಗುತ್ತದೆ. ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ, ಯಾವ ಔಷಧಿ ನನಗೆ ಆಗಿಬರುವುದಿಲ್ಲ, ಎಲ್ಲ ಅದರಲ್ಲೇ. ಒಂದು ಪ್ರತಿ ಕೈಚೀಲದಲ್ಲಿ, ಇನ್ನೊಂದು ಫೋನಿನಲ್ಲಿ ಫೋಟೋ.

ಔಷಧಿ ಪೂರ್ತಿ ನನ್ನ ಜೊತೆಗೇ ಬರುತ್ತದೆ, ಒಂದು ವಾರಕ್ಕಾಗುವಷ್ಟು ಜಾಸ್ತಿ ಇಟ್ಟುಕೊಂಡೇ. ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಡಬ್ಬಿಗೆ ಸುರಿಯುವುದಿಲ್ಲ. ತಪಾಸಣೆಯವರು ಕೇಳಿದರೆ ಹೆಸರು ಕಾಣಬೇಕಲ್ವಾ? ಇನ್ಸುಲಿನ್ ಅಂತೂ ಸಾಮಾನಿನ ಜೊತೆ ಹೋಗಲೇಬಾರದು. ಅಲ್ಲಿ ಚಳಿಗೆ ಹೆಪ್ಪುಗಟ್ಟಿದರೆ, ಕರಗಿದ ಮೇಲೂ ಅದು ಕೆಲಸಕ್ಕೆ ಬಾರದು. ತಂಪು ಚೀಲದಲ್ಲೂ ಅಷ್ಟೇ, ಮಂಜುಗಡ್ಡೆಗೆ ನೇರವಾಗಿ ತಾಗದಂತೆ ಇನ್ಸುಲಿನ್ ಚುಚ್ಚಿಕೊಳ್ಳುವ ಪೆನ್ನನ್ನು ಬಟ್ಟೆಯಲ್ಲಿ ಸುತ್ತುತ್ತೇನೆ. ಶುಗರ್ ತಟ್ಟನೆ ಇಳಿದರೆ ಅಂತ ಗ್ಲೂಕೋಸ್ ಮಾತ್ರೆ ಮಾತ್ರ ಅಂಗಿಯ ಜೇಬಿನಲ್ಲಿ. ತಲೆ ಮೇಲಿನ ಗೂಡಿನಲ್ಲಿಟ್ಟರೆ, ಕೈಕಾಲು ನಡುಗುವಾಗ ಎದ್ದು ತೆಗೆಯೋದು ಯಾರು?

ಗಡಿಯಾರದ್ದು ಇನ್ನೊಂದು ತಲೆನೋವು. ಪಶ್ಚಿಮಕ್ಕೆ ಹಾರಿದರೆ ದಿನ ಉದ್ದವಾಗುತ್ತದೆ, ಪೂರ್ವಕ್ಕೆ ಹಾರಿದರೆ ಗಿಡ್ಡ. ಇನ್ಸುಲಿನ್ ಎಷ್ಟು, ಯಾವಾಗ ಅಂತ ನಾನೇ ಲೆಕ್ಕ ಹಾಕಲು ಹೋಗುವುದಿಲ್ಲ. ಟಿಕೆಟ್ ತೋರಿಸಿ ಡಾಕ್ಟರ ಕೈಯಲ್ಲೇ ಬರೆಸುತ್ತೇನೆ. ಪ್ರಯಾಣದ ವಿಮೆ ಮಾಡಿಸುವಾಗ ಇರುವ ಕಾಯಿಲೆ ಮುಚ್ಚಿಡುವುದಿಲ್ಲ. ಆಮೇಲೆ ಹಣ ಕೇಳುವಾಗ ಅದೇ ನೆಪವಾಗುತ್ತದೆ.

ವೀಲ್‌ಚೇರ್ ಅಂದರೆ ಮೊದಮೊದಲು ನಾಚಿಕೆಯಾಗುತ್ತಿತ್ತು. ನಡೆಯಲು ಬರುವವನಿಗೆ ಅದೇಕೆ ಅನ್ನುತ್ತಿದ್ದೆ. ಒಮ್ಮೆ ಒಂದು ಗೇಟಿನಿಂದ ಇನ್ನೊಂದಕ್ಕೆ ಓಡಿ ಮಂಡಿ ಊದಿದ ಮೇಲೆ ಆ ಜಂಬ ಇಳಿಯಿತು. ಈಗ ಟಿಕೆಟ್ ಮಾಡಿಸುವಾಗಲೇ ಕೇಳಿಬಿಡುತ್ತೇನೆ. ಸೀಟು ಮಾತ್ರ ನಡೆದಾಡುವ ದಾರಿಯ ಪಕ್ಕದ್ದೇ ಬೇಕು. ಬಾತ್‌ರೂಮಿಗೆ ಏಳಬೇಕಲ್ಲ ಅಂತ ನೀರು ಕುಡಿಯದೆ ಕೂತಿದ್ದೂ ಉಂಟು, ಅದು ದಡ್ಡತನ. ಗಂಟೆಗಟ್ಟಲೆ ಅಲ್ಲಾಡದೆ ಕೂತರೆ ಕಾಲಿನಲ್ಲಿ ರಕ್ತ ಗಡ್ಡೆಕಟ್ಟುವ ಅಪಾಯವಿದೆ. ಆಗಾಗ ಎದ್ದು ಎರಡು ಹೆಜ್ಜೆ ಹಾಕುತ್ತೇನೆ. ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸುತ್ತೇನೆ.

ಇಷ್ಟೆಲ್ಲ ಮಾಡಿಯೂ ಕಳೆದ ಸಲ ಓದುವ ಕನ್ನಡಕ ಸೂಟ್‌ಕೇಸಿಗೆ ಹೋಗಿಬಿಟ್ಟಿತ್ತು. ಇನ್ಸುಲಿನ್ ಪೆನ್ನಿನ ಮೇಲಿನ ಅಂಕಿ ಕಾಣದೆ ಪಕ್ಕದ ಸೀಟಿನ ಹುಡುಗನ ಕೈಯಲ್ಲಿ ಓದಿಸಿದೆ. "ಹದಿನಾಲ್ಕಾ ಅಂಕಲ್?" ಅಂತ ಅವನು ಎರಡೆರಡು ಸಲ ಕೇಳಿದ. ಈಗ ಔಷಧಿ ಚೀಲದಲ್ಲೇ ಒಂದು ಹಳೆಯ ಕನ್ನಡಕ ಇದೆ.