ಬಾಡಿಗೆ ಮನೆಯ ಹಾಲ್‌ನಲ್ಲಿ ಹೋಮ್ ಥಿಯೇಟರ್: ಡ್ರಿಲ್ ಮುಟ್ಟದೆ, ಓನರ್ ಆಂಟಿ ನಿದ್ದೆ ಕೆಡಿಸದೆ

ಅಂಗಡಿಗೆ ಹೋಗುವ ಮುಂಚೆ ಹಾಲ್ ಮಧ್ಯೆ ನಿಂತು ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟಿ. ಸದ್ದು ಅಲ್ಲೇ ಅಡಗಿದರೆ ಅರ್ಧ ಕೆಲಸ ಆದಂತೆ. ತಗಡಿನ ಡಬ್ಬಿಯಲ್ಲಿ ಬಟಾಣಿ ಉರುಳಿದ ಹಾಗೆ ‘ಟರ್ರ್’ ಅಂತ ಬಾಲ ಎಳೆದುಕೊಂಡು ಬಂದರೆ, ಟಿವಿ, ಸ್ಪೀಕರ್‌ಗಳ ಪಟ್ಟಿಯಲ್ಲಿ ಜಮಖಾನೆಗೂ ಒಂದು ಸಾಲು ಬರೆದುಕೊಳ್ಳಿ. ನಮ್ಮ ಮನೆಯಲ್ಲಿ ಕೇಳಿಸಿದ್ದು ಬಟಾಣಿ.

ಮನೆ ಹನುಮಂತನಗರದಲ್ಲಿ, ಮೊದಲ ಮಹಡಿ. ಹಾಲ್ 15 ಅಡಿ ಉದ್ದ, 11 ಅಡಿ ಅಗಲ, ಸೂರು 10 ಅಡಿ, ನೆಲ ಹಳೇ ರೆಡ್ ಆಕ್ಸೈಡ್. ಕೆಳಗಡೆ ಓನರ್ ಆಂಟಿ. ಅಗ್ರಿಮೆಂಟ್‌ನಲ್ಲಿ ಟೈಪ್ ಮಾಡಿದ್ದು ಸಾಲದು ಅಂತ ‘ಗೋಡೆಗೆ ಡ್ರಿಲ್ ಹಾಕಕೂಡದು’ ಎಂದು ಪೆನ್ನಿನಲ್ಲಿ ಬೇರೆ ಸೇರಿಸಿದ್ದಾರೆ. ಎಂಟು ವರ್ಷ ಒಂದು ಸೌಂಡ್‌ಬಾರ್‌ನಲ್ಲೇ ಕಾಲ ಹಾಕಿ, ಹೋದ ದಸರಾಕ್ಕೆ ಎರಡೂವರೆ ಲಕ್ಷ ಒಟ್ಟು ಮಾಡಿ 5.1 ಜೋಡಿಸಿದೆ. ಮುಂದೆ ಎಡ, ಬಲ, ನಡುವೆ ಸೆಂಟರ್, ಪಕ್ಕಕ್ಕೆ ಎರಡು ಸರೌಂಡ್, ಬೇಸ್‌ಗೆ, ಅಂದರೆ ಡೊಳ್ಳಿನಂಥ ತಗ್ಗು ಸದ್ದಿಗೆಂದೇ ಒಂದು ಸಬ್‌ವೂಫರ್, ಇವನ್ನೆಲ್ಲ ಓಡಿಸೋಕೆ ಎವಿ ರಿಸೀವರ್. ನಾನು ಗಾರ್ಮೆಂಟ್ಸ್ ಕಂಪನಿಯಲ್ಲಿ ಅಕೌಂಟ್ಸ್ ನೋಡೋಳು, ಎಂಜಿನಿಯರ್ ಅಲ್ಲ. ಹಾಗಾಗಿ ಲೆಕ್ಕ ಮೊದಲು: ಟಿವಿ 85 ಸಾವಿರ, ರಿಸೀವರ್ 55, ಐದು ಸ್ಪೀಕರ್ ಸೇರಿ 75, ಸಬ್ 25. ಉಳಿದ ಹತ್ತು ಸಾವಿರದಲ್ಲಿ ಜಮಖಾನೆ, ದಪ್ಪ ಪರದೆ, ವೈರು, ಸ್ಟ್ಯಾಂಡು. ಈಗ ಕೇಳಿದರೆ ಟಿವಿಯಿಂದ ಹದಿನೈದು ತೆಗೆದು ಸಬ್‌ಗೆ ಹಾಕುತ್ತಿದ್ದೆ. ಹತ್ತು ಸಾವಿರದ ಕೊನೆಯ ಸಾಲನ್ನು ಮಾತ್ರ ಮುಟ್ಟುತ್ತಿರಲಿಲ್ಲ, ಬಟಾಣಿ ನಿಂತದ್ದು ಅದರಿಂದಲೇ.

ಟಿವಿ ವಿಚಾರ ಬೇಗ ಮುಗಿಸುತ್ತೇನೆ. ಕೂರುವ ಜಾಗದಿಂದ ಟಿವಿಗೆ ಇರುವ ದೂರವನ್ನು ಇಂಚಿನಲ್ಲಿ ಅಳೆದು 1.6ರಿಂದ ಭಾಗಿಸಿ. ನಮ್ಮದು 9 ಅಡಿ, ಅಂದರೆ 108 ಇಂಚು, ಉತ್ತರ 67. ಹಾಗಾಗಿ 65 ಇಂಚು. ಸಿನಿಮಾ ಹುಚ್ಚು ಜಾಸ್ತಿ ಇದ್ದರೆ 1.2ರಿಂದ ಭಾಗಿಸಿ, ಆದರೆ ಮನೆಯವರನ್ನು ಕೇಳಿ. ನಮ್ಮ ಕಿಟಕಿ ಪಶ್ಚಿಮಕ್ಕಿದೆ, ಸಂಜೆ ನಾಲ್ಕರ ಬಿಸಿಲು ನೇರ ಸೋಫಾ ಮೇಲೆ. ಅದಕ್ಕೇ ಓಎಲ್‌ಇಡಿ ಬಿಟ್ಟು ಇನ್ನೂ ಪ್ರಖರವಾದ ಮಿನಿ ಎಲ್‌ಇಡಿ ತಗೊಂಡೆ. ಇಡೀ ದಿನ ಪರದೆ ಎಳೆದಿಡುವ ಮನೆಯಾದರೆ ಓಎಲ್‌ಇಡಿಯ ಕಪ್ಪಿಗೆ ಸಾಟಿ ಇಲ್ಲ. 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28ರ ಬದಲು ಶೇ. 18 ಆಯಿತು. ನಾನು ಆ ದಿನಕ್ಕಾಗಿ ಮೂರು ವಾರ ಹಲ್ಲು ಕಚ್ಚಿಕೊಂಡು ಕಾದು ಆಮೇಲೆ ಬಿಲ್ ಮಾಡಿಸಿದೆ. ಮನೆಗೆ ಬಂದ ದಿನವೇ ಮೂರು ಕೆಲಸ: ಪಿಕ್ಚರ್ ಮೋಡ್ ಅನ್ನು ಫಿಲ್ಮ್‌ಮೇಕರ್ ಅಥವಾ ಸಿನಿಮಾಗೆ ತನ್ನಿ, ಶಾರ್ಪ್‌ನೆಸ್ ಇಳಿಸಿ, ಮೋಷನ್ ಸ್ಮೂತಿಂಗ್ ಆಫ್ ಮಾಡಿ. ಸಿನಿಮಾ ಸೆಕೆಂಡಿಗೆ 24 ಫ್ರೇಮ್. ನಡುನಡುವೆ ಟಿವಿ ತಾನೇ ಫ್ರೇಮ್ ಹುಟ್ಟಿಸಿ ತುರುಕಿದರೆ ಕೋಟಿ ಸುರಿದ ಸಿನಿಮಾನೂ ಮಧ್ಯಾಹ್ನದ ಸೀರಿಯಲ್ ಥರ ಕಾಣುತ್ತದೆ.

ಮುಂದಿನ ಎರಡು ಸ್ಪೀಕರ್‌ಗಳನ್ನು ಟಿವಿ ಎರಡೂ ಪಕ್ಕ ಸಿಪಾಯಿಗಳ ಹಾಗೆ ಅಂಟಿಸಿ ನಿಲ್ಲಿಸಬೇಡಿ. ಕೂತ ಜಾಗದಿಂದ ಟಿವಿ ಮಧ್ಯಕ್ಕೆ ಒಂದು ಗೆರೆ ಎಳೆದುಕೊಂಡರೆ ಎರಡೂ ಬದಿಗೆ 22ರಿಂದ 30 ಡಿಗ್ರಿಯಲ್ಲಿ ಅವು ಬರಬೇಕು. 9 ಅಡಿ ದೂರಕ್ಕೆ 30 ಡಿಗ್ರಿ ಅಂದರೆ ಎರಡರ ನಡುವೆ ಹತ್ತಡಿಗೂ ಹೆಚ್ಚು. 11 ಅಡಿ ಹಾಲ್‌ನಲ್ಲಿ ಅವು ಮೂಲೆ ಸೇರಿ ಗೊಗ್ಗರು ದನಿ ಬರುತ್ತದೆ. 22 ಡಿಗ್ರಿಗೆ ಏಳೂಕಾಲು ಅಡಿ ಸಾಕು, ನಾನು ಅಷ್ಟೇ ಇಟ್ಟೆ. ಸರೌಂಡ್ ಎರಡೂ ನಿಮ್ಮ ಕಿವಿಯ ನೇರಕ್ಕೆ ಅಥವಾ ಚೂರು ಹಿಂದೆ. ಹೆಚ್ಚು ಜನ ಅವನ್ನು ರೂಮಿನ ಹಿಂದಿನ ಮೂಲೆಗೆ ಎಸೆದು ‘ಸರೌಂಡೇ ಕೇಳಲ್ಲ’ ಅನ್ನುತ್ತಾರೆ. ಕೂತಾಗ ನನ್ನ ಕಿವಿ ನೆಲದಿಂದ 38 ಇಂಚು. ಆ ಎತ್ತರಕ್ಕೆ ಸ್ಟ್ಯಾಂಡ್ ರೆಡಿಮೇಡ್ ಸಿಗಲಿಲ್ಲ, ಸಿಕ್ಕಿದ್ದರ ಬೆಲೆ ಕೇಳಿ ಕೈಬಿಟ್ಟೆ. ಶ್ರೀನಗರದ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಚೌಕ ಪೈಪಿಗೆ ಕೆಳಗೊಂದು ಮೇಲೊಂದು ತಗಡು ಬೆಸೆಸಿಕೊಂಡು, ಒಳಗೆ ಮರಳು ತುಂಬಿಸಿದೆ. ತಟ್ಟಿದರೆ ಈಗ ಗಂಟೆ ಸದ್ದು ಬರೋದಿಲ್ಲ.

ಸೆಂಟರ್ ಸ್ಪೀಕರ್ ಮಾತಿನ ಸ್ಪೀಕರ್. ಶೋಕೇಸ್ ಗೂಡಿನೊಳಗೆ ಹಿಂದಕ್ಕೆ ತಳ್ಳಿದರೆ ಎಲ್ಲರೂ ಬಾವಿಯೊಳಗಿಂದ ಮಾತಾಡುತ್ತಾರೆ. ಹಲಗೆಯ ತುದಿಗೆ ಎಳೆದು, ಮುಂಭಾಗಕ್ಕೆ ಎರಡು ರಬ್ಬರ್ ತುಂಡು ಕೊಟ್ಟು ಮೂತಿಯನ್ನು ಕಿವಿ ಕಡೆ ಎತ್ತಿ. ತಲೆ ಮೇಲಿಂದಲೂ ಸದ್ದು ಕೇಳಿಸುವ ಅಟ್ಮಾಸ್‌ಗೆ ಬೇಕಾದ ಮೇಲಿನ ಸ್ಪೀಕರ್‌ಗಳನ್ನು ನಾನು ಹಾಕಿಲ್ಲ, ಸೂರಿಗೆ ಡ್ರಿಲ್ ಹಾಕುವ ಹಾಗಿಲ್ಲವಲ್ಲ. ಸೂರಿಗೆ ಸದ್ದು ಹೊಡೆದು ಕೆಳಗಿಳಿಸುವ ಬಗೆಯವೂ ಇವೆ. ಸಪಾಟಾದ ಗಾರೆ ಸೂರಿದ್ದರೆ ಅವು ನಡೆಯುತ್ತವೆ, ಇಳಿಜಾರಾದ ಹೆಂಚಿನ ಮನೆಯಲ್ಲಿ ದುಡ್ಡು ದಂಡ.

ಈಗ ವೈರು. ನ್ಯಾಷನಲ್ ಕಾಲೇಜ್ ಸ್ಟೇಷನ್‌ನಲ್ಲಿ ಹತ್ತಿದರೆ ಎರಡನೇ ಸ್ಟಾಪ್ ಚಿಕ್ಕಪೇಟೆ, ಅಲ್ಲಿಂದ ಎಸ್.ಪಿ. ರೋಡ್‌ಗೆ ನಡೆದೇ ಹೋಗಬಹುದು. ಮೊದಲ ಸಲ ಅಲ್ಲೊಂದು ಅಂಗಡಿಯಲ್ಲಿ ‘ಪ್ಯೂರ್ ಕಾಪರ್ ಮೇಡಂ’ ಅಂತ ಕೊಟ್ಟ ಬಂಡಲನ್ನು ಕಣ್ಣುಮುಚ್ಚಿ ತಂದೆ. ಮನೆಯಲ್ಲಿ ಎತ್ತಿ ನೋಡಿದಾಗ ಹಗುರ ಅನ್ನಿಸಿತು. ತುದಿಯ ಸಿಪ್ಪೆ ಸುಲಿದು ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದೆ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ. ಅಲ್ಯೂಮಿನಿಯಂ ತಂತಿಗೆ ತಾಮ್ರ ಲೇಪಿಸಿದ್ದು. ಲೆಕ್ಕ ಹೀಗೆ: ನಮ್ಮ ದೂರದ ಸರೌಂಡ್‌ಗೆ ಗೋಡೆ ಬುಡದಲ್ಲಿ ಸುತ್ತಿಕೊಂಡು 30 ಅಡಿ, ಹೋಗಿ ಬರೋದು ಸೇರಿ 60. 1.5 ಸ್ಕ್ವೇರ್ ಎಂಎಂ ತಾಮ್ರದಲ್ಲಿ ಇದರ ತಡೆ ಸುಮಾರು 0.22 ಓಮ್. 6 ಓಮ್ ಸ್ಪೀಕರ್‌ಗೆ ನೂರಕ್ಕೆ ಐದು, ಅಂದರೆ 0.3 ಓಮ್‌ವರೆಗೆ ಚಿಂತೆ ಇಲ್ಲ. ಲೇಪದ ತಂತಿಯಲ್ಲಿ ತಡೆ ಸುಮಾರು ಒಂದೂವರೆ ಪಟ್ಟು, ಗೆರೆ ದಾಟಿತು. ಕೊಳ್ಳುವಾಗ ಅಂಗಡಿಯಲ್ಲೇ ಕೆರೆದು ತೋರಿಸಿ ಅನ್ನಿ. ‘ಅಯ್ಯೋ ಮೇಡಂ, ನಂಬಿಕೆ ಇಲ್ವಾ’ ಅಂದರೆ ಪಕ್ಕದ ಅಂಗಡಿ ಇದೆ. ಅಸಲಿ ತಾಮ್ರವೇ ಆದರೆ 1.5 ಸಾಕು, ಬೆರಳು ದಪ್ಪದ ಹಾವಿನಂಥ ಕೇಬಲ್‌ಗೆ ಸಾವಿರಗಟ್ಟಲೆ ಕೊಡಬೇಡಿ.

ಸಬ್‌ವೂಫರ್ ಹತ್ತಿರ ನಾನು ಕಳೆದದ್ದು ಪೂರ್ತಿ ಎರಡು ಭಾನುವಾರ. ಮೊದಲು ಎಲ್ಲರ ಹಾಗೆ ಟಿವಿ ಬಲಗಡೆ ಮೂಲೆಯಲ್ಲಿ ಇಟ್ಟೆ. ಸೋಫಾ ಮಧ್ಯೆ ಕೂತರೆ ಡೊಳ್ಳಿನ ಹೊಡೆತ ಜ್ವರ ಬಂದವರ ಹಾಗೆ ಸೊರಗಿತ್ತು. ಎದ್ದು ಅಡುಗೆಮನೆ ಬಾಗಿಲಿಗೆ ಬಂದರೆ ಅದೇ ಡೊಳ್ಳು ಪಾತ್ರೆ ಸ್ಟ್ಯಾಂಡನ್ನೇ ನಡುಗಿಸುತ್ತಿತ್ತು. ತಪ್ಪು ಸಬ್‌ನದ್ದಲ್ಲ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಹಾಲಿನ ಅಗಲ 11 ಅಡಿ, ಅಂದರೆ 3.35 ಮೀಟರ್. 343ನ್ನು ಅದರ ಎರಡರಷ್ಟರಿಂದ ಭಾಗಿಸಿದರೆ 51. ಆ 51 ಹರ್ಟ್ಸ್ ಸದ್ದು ಎರಡು ಗೋಡೆಗಳ ನಡುವೆ ಬಡಿದಾಡಿ ಗೋಡೆ ಬಳಿ ಉಬ್ಬುತ್ತದೆ, ಸರಿಯಾಗಿ ಮಧ್ಯದಲ್ಲಿ ಬತ್ತುತ್ತದೆ. ನಮ್ಮ ಸೋಫಾದ ಮಧ್ಯ, ಅಂದರೆ ನನ್ನ ಜಾಗ, ಅದೇ ಬತ್ತಿದ ಜಾಗ. ಉದ್ದದ 15 ಅಡಿಗೆ ಇದೇ ಲೆಕ್ಕ ಹಾಕಿದರೆ 37 ಚಿಲ್ಲರೆ.

ಪರಿಹಾರ ವಿಚಿತ್ರ, ಆದರೆ ಬಿಟ್ಟಿ. ಸಬ್‌ವೂಫರನ್ನೇ ಎತ್ತಿ ಸೋಫಾ ಮೇಲೆ, ನೀವು ಕೂರುವ ಜಾಗದಲ್ಲಿ ಕೂರಿಸಿ. ಬೇಸ್ ತುಂಬಿದ ಒಂದು ತುಣುಕನ್ನು ಮತ್ತೆ ಮತ್ತೆ ಬರುವ ಹಾಗೆ ಹಾಕಿ. ಆಮೇಲೆ ಸಬ್ ಇಡಲು ಸಾಧ್ಯವಿರುವ ಕಡೆಯೆಲ್ಲ, ಗೋಡೆ ಬುಡದಲ್ಲಿ, ಅಂಬೆಗಾಲಿಡುತ್ತಾ ಕಿವಿ ಕೊಟ್ಟು ಕೇಳಿ. ಎಲ್ಲಿ ಪ್ರತಿ ಸ್ವರವೂ ಒಂದೇ ತೂಕದಲ್ಲಿ, ಗುಯ್‌ಗುಟ್ಟದೆ ಬರುತ್ತದೋ ಅಲ್ಲಿಗೆ ಸಬ್ ಇಳಿಸಿ. ನಮ್ಮನೆಯವರು ಹದಿನಾಲ್ಕು ಕೆಜಿ ಪೆಟ್ಟಿಗೆಯನ್ನು ಸೋಫಾ ಮೇಲಿಟ್ಟು ಪೇಪರ್ ಹಿಡಿದು ಕೂತರು. ನಾನು ನೈಟಿಯಲ್ಲಿ ಮೂಲೆಯಿಂದ ಮೂಲೆಗೆ ತೆವಳುತ್ತಿದ್ದಾಗ ಅತ್ತೆ ದೇವರಮನೆಯಿಂದ ಆಚೆ ಬಂದು ಎರಡು ನಿಮಿಷ ಸುಮ್ಮನೆ ನೋಡಿ, “ಓಲೆ ಬಿದ್ದೋಯ್ತೇನಮ್ಮಾ?” ಅಂತ ಅವರೂ ಬಗ್ಗಿ ಹುಡುಕಲು ಶುರು ಮಾಡಿದರು. ನಿಜ ಹೇಳಿದ ಮೇಲೆ ಅವರದೇ ತೀರ್ಪು: “ಆ ಪುಸ್ತಕದ ಬೀರು ಪಕ್ಕ ಸರಿಯಾಗಿದೆ, ಇಲ್ಲಿ ಬರೀ ಗುಂಗುರು.” ಆಕಾಶವಾಣಿ ಕಛೇರಿಗಳನ್ನು ಕೇಳಿ ಬೆಳೆದ ಕಿವಿ ಅದು. ಸಬ್ ಈಗ ಬೀರು ಪಕ್ಕದಲ್ಲೇ, ಎಡಗೋಡೆಯ ಮೂರನೇ ಒಂದು ಭಾಗದಲ್ಲಿದೆ.

ಎಲ್ಲ ಜೋಡಿಸಿ ಆನ್ ಮಾಡಿದರೆ ‘ಗುಂಯ್’ ಅಂತ ಸಣ್ಣ ಗುಂಜಾರವ. ಇದು ಬಂದರೆ ಗಾಬರಿ ಬೇಡ, ಅಂಗಡಿಯವನಿಗೆ ಫೋನೂ ಬೇಡ. ರಿಸೀವರ್‌ಗೆ ಬರುವ ತಂತಿಗಳನ್ನು ಒಂದೊಂದಾಗಿ ಕಳಚುತ್ತಾ ಬನ್ನಿ. ಯಾವುದನ್ನು ಕಿತ್ತಾಗ ಸದ್ದು ನಿಲ್ಲುತ್ತದೋ ಕಳ್ಳ ಅವನೇ. ನಮ್ಮಲ್ಲಿ ಸಿಕ್ಕಿಬಿದ್ದದ್ದು ಕೇಬಲ್ ಟಿವಿಯ ತಂತಿ. ಬೀದಿ ಕಂಬದಿಂದ ಬರುವ ಅದರ ಹೊರಕವಚಕ್ಕೆ ಒಂದು ಅರ್ಥ್, ಮನೆ ಪ್ಲಗ್‌ಗೆ ಇನ್ನೊಂದು. ಎರಡರ ವ್ಯತ್ಯಾಸ ಸ್ಪೀಕರ್‌ನಲ್ಲಿ ಹಾಡುತ್ತದೆ. ತಂತಿಗೂ ಸೆಟ್‌ಟಾಪ್ ಬಾಕ್ಸ್‌ಗೂ ನಡುವೆ ಹಾಕುವ ಐಸೊಲೇಟರ್ ಅನ್ನುವ ಚಿಕ್ಕ ತುಂಡು ತಂದು ಸಿಕ್ಕಿಸಿದೆ, ನಿಂತಿತು. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನಮ್ಮ ಎಲೆಕ್ಟ್ರಿಷಿಯನ್ ಹುಡುಗ ಮೊದಲು ಕೊಟ್ಟ ಉಪಾಯ, “ಅಕ್ಕಾ, ಮೇಲಿನ ದಪ್ಪ ಪಿನ್ ತೆಗೆದುಬಿಡಣ, ಸೌಂಡ್ ಹೋಗುತ್ತೆ.” ಹೋಗುತ್ತೆ, ನಿಜ. ಆದರೆ ಒಳಗೆ ಯಾವತ್ತೋ ಕರೆಂಟ್ ಸೋರಿದರೆ ರಿಸೀವರ್ ಮೈ ಮುಟ್ಟಿದವರೂ ಹೋಗುತ್ತಾರೆ. ಅರ್ಥ್ ಪಿನ್ ಯಾವ ಕಾರಣಕ್ಕೂ ತೆಗೆಯಬೇಡಿ. ಬದಲಿಗೆ ಅವನ ಕೈಯಲ್ಲೇ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವಿನ ವೋಲ್ಟೇಜ್ ನೋಡಿಸಿ. ಒಂದೆರಡು ವೋಲ್ಟ್ ಇದ್ದರೆ ಸರಿ. ನಮ್ಮಲ್ಲಿ 14 ಬಂತು, ಓನರ್ ಆಂಟಿಗೆ ಹೇಳಿ ಅರ್ಥಿಂಗ್ ಗುಂಡಿ ಹೊಸದಾಗಿ ಮಾಡಿಸಿದ್ದಾಯಿತು. ಹಾಗೇ ಸ್ಕ್ವೇರ್ ವೇವ್ ಇನ್ವರ್ಟರ್ ಲೈನಿಗೆ ರಿಸೀವರ್ ಹಾಕಬೇಡಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಶುರುವಾದರೆ ಸರ್ಜ್ ಪ್ರೊಟೆಕ್ಟರ್ ಇದ್ದರೂ ಪ್ಲಗ್ ಕಿತ್ತುಬಿಡಿ, ಕೇಬಲ್ ತಂತಿ ಸಮೇತ.

ಟಿವಿಯಿಂದ ರಿಸೀವರ್‌ಗೆ ಒಂದೇ ಎಚ್‌ಡಿಎಂಐ ತಂತಿ ಸಾಕು, ಆದರೆ ಎರಡೂ ಕಡೆ ಇ-ಎಆರ್‌ಸಿ ಅಥವಾ ಎಆರ್‌ಸಿ ಅಂತ ಬರೆದಿರುವ ತೂತಿಗೇ ಹಾಕಿ. ಆಮೇಲೆ ಟಿವಿ ಸೌಂಡ್ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ ಪಿಸಿಎಂ ಅಂತಿದ್ದರೆ ಪಾಸ್‌ಥ್ರೂ ಅಥವಾ ಆಟೋಗೆ ಬದಲಿಸಿ. ನಾನು ಇದನ್ನು ಮರೆತು ಹತ್ತು ದಿನ ಎರಡೇ ಸ್ಪೀಕರ್ ಸದ್ದಿಗೆ ‘ಆಹಾ’ ಅಂದಿದ್ದೆ. ಓಟಿಟಿ ಕಳಿಸುವ ಅಟ್ಮಾಸ್‌ಗೆ ಹಳೆಯ ಎಆರ್‌ಸಿ ಸಾಕು; ಬ್ಲೂ-ರೇ ಡಿಸ್ಕಿನ ಟ್ರೂಎಚ್‌ಡಿ ಅನ್ನುವ ಭಾರೀ ಸೌಂಡ್‌ಟ್ರ್ಯಾಕ್ ಟಿವಿ ಮೂಲಕ ಬರಬೇಕಾದರೆ ಇ-ಎಆರ್‌ಸಿಯೇ ಬೇಕು.

ಕೊನೆಗೆ ರಿಸೀವರ್ ಜೊತೆ ಬರುವ ಪುಟ್ಟ ಮೈಕ್. ಅದನ್ನು ಸೋಫಾ ಮೇಲೆ ಬಿಸಾಡದೆ ಕ್ಯಾಮೆರಾ ಟ್ರೈಪಾಡ್‌ಗೆ ಕಟ್ಟಿ ಕಿವಿ ಎತ್ತರಕ್ಕೆ ನಿಲ್ಲಿಸಿ. ಫ್ಯಾನ್, ಫ್ರಿಜ್ ಆಫ್. ರಿಸೀವರ್ ಒಂದೊಂದು ಸ್ಪೀಕರ್‌ನಿಂದ ‘ವೂಪ್’ ಅಂತ ಸದ್ದು ಹೊರಡಿಸಿ ದೂರ, ಮಟ್ಟ ಅಳೆಯುತ್ತದೆ. ಭಾನುವಾರ ಬೆಳಗ್ಗೆ ಹತ್ತಕ್ಕೆ ಶುರು ಮಾಡಿದೆ: ಪಕ್ಕದ ಮನೆ ಕುಕ್ಕರ್ ಮೂರು ಸೀಟಿ, ಆಮೇಲೆ ಹಳೇ ಪೇಪರ್ ಗಾಡಿಯ ರೆಕಾರ್ಡ್ ಮಾಡಿದ ಕೂಗು. ಎರಡು ಸಲ ಎರರ್. ಮಾರನೇ ದಿನ ಬೆಳಗ್ಗೆ ನಾಲ್ಕೂವರೆಗೆ, ಹಾಲಿನವನು ಬರೋ ಮುಂಚೆ, ಸಬ್ ಮಟ್ಟ ಇಳಿಸಿ ಮುಗಿಸಿದೆ. ಯಂತ್ರ ಹೇಳಿದ್ದನ್ನೆಲ್ಲ ನಂಬಬೇಡಿ. ಮುಂದಿನ ಸ್ಪೀಕರ್‌ಗಳನ್ನು ‘ಲಾರ್ಜ್’ ಅಂದಿದ್ದರೆ ‘ಸ್ಮಾಲ್’ ಮಾಡಿ, ಕ್ರಾಸ್‌ಓವರ್ (ಇದಕ್ಕಿಂತ ತಗ್ಗಿನ ಸದ್ದು ಸಬ್‌ಗೆ ಹೋಗುವ ಗೆರೆ) 80 ಹರ್ಟ್ಸ್‌ಗೆ ಇಡಿ, ಸೆಂಟರ್ ಮಟ್ಟ ಒಂದೂವರೆ ಡೆಸಿಬಲ್ ಏರಿಸಿ. ಅತ್ತೆ ‘ಏನಂದ ಅವನು?’ ಅಂತ ಕೇಳೋದು ಅಲ್ಲಿಗೆ ನಿಂತಿತು.

ಓನರ್ ಆಂಟಿ ವಿಷಯ. ಸಬ್ ಕೆಳಗೆ ಮಕ್ಕಳ ಆಟದ ದಪ್ಪ ಫೋಮ್ ಮ್ಯಾಟ್, ಅದರ ಮೇಲೆ ಕಡಪ ಕಲ್ಲಿನ ಚಪ್ಪಡಿ, ಅದರ ಮೇಲೆ ಸಬ್. ಸ್ಲ್ಯಾಬ್‌ಗೆ ಇಳಿಯುವ ನಡುಕ ಕಡಿಮೆಯಾಗುತ್ತದೆ, ಗಾಳಿಯಲ್ಲಿ ಹೋಗುವ ಬೇಸ್ ಇದಕ್ಕೆ ಜಗ್ಗೋದಿಲ್ಲ. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಮಿತಿ 45 ಡೆಸಿಬಲ್, ಹಗಲು 55. ಹತ್ತಾದರೆ ನಾನು ನೈಟ್ ಮೋಡ್ ಹಾಕಿ ಸಬ್ ಸ್ವಿಚ್ಚೇ ಆರಿಸುತ್ತೇನೆ. ಒಂದು ಸಂಜೆ ಆಂಟಿಯನ್ನು ಮೇಲೆ ಕರೆದು ಕಾಫಿ ಕೊಟ್ಟು ಒಂದು ಸಿನಿಮಾ ತೋರಿಸಿದೆ. ಅಂದಿನಿಂದ ದೂರಿನ ಬದಲು “ಈ ಶನಿವಾರ ಯಾವುದು ಹಾಕ್ತೀಯೇ?” ಅಂತ ಕೇಳುತ್ತಾರೆ.

ಎಲ್ಲ ತಂತಿಗಳ ಎರಡೂ ತುದಿಗೆ ಪೇಪರ್ ಟೇಪ್ ಸುತ್ತಿ ಹೆಸರು ಬರೆಯಿರಿ, ರಿಸೀವರ್ ಬೆನ್ನಿನ ಫೋಟೊ ತೆಗೆದಿಡಿ. ಖಾಲಿ ಪೆಟ್ಟಿಗೆಗಳನ್ನು ಥರ್ಮಾಕೋಲ್ ಸಮೇತ ಸಜ್ಜಾ ಮೇಲೆ ಇಟ್ಟುಕೊಳ್ಳಿ, ಮನೆ ಬದಲಿಸುವಾಗ ಅವಿಲ್ಲದೆ 65 ಇಂಚಿನ ಟಿವಿ ಸಾಗಿಸೋದು ಜೂಜು. ನಮ್ಮ ಸಾಮಾನು ಬಂದದ್ದು ದಸರಾ ಗೊಂಬೆ ಕೂರಿಸಿದ್ದಾಗ. ಹಬ್ಬ ಮುಗಿದ ಮೇಲೆ ಅತ್ತೆ ರಿಸೀವರ್ ಪೆಟ್ಟಿಗೆಗೆ ಪಟ್ಟದ ಗೊಂಬೆಗಳನ್ನೂ, ಸ್ಪೀಕರ್ ಪೆಟ್ಟಿಗೆಗಳಿಗೆ ಶೆಟ್ಟರ ಅಂಗಡಿ, ಮದುವೆ ದಿಬ್ಬಣ ಎಲ್ಲವನ್ನೂ ತುಂಬಿ ಹಗ್ಗ ಬಿಗಿದುಬಿಟ್ಟಿದ್ದಾರೆ. ಹಾಗಾಗಿ ನಾವು ಮನೆ ಖಾಲಿ ಮಾಡೋದಾದರೆ ನವರಾತ್ರಿಯ ಒಂಬತ್ತು ದಿನಗಳಲ್ಲೇ ಮಾಡಬೇಕು.