ಬ್ರೇಕ್ ಪ್ಯಾಡ್ ಕೊಳ್ಳುವಾಗ ಏನು ನೋಡಬೇಕು?

ಪ್ಯಾಡಿನ ಘರ್ಷಣೆಯ ಪದರ 3 ಮಿ.ಮೀ.ಗೆ ಇಳಿದರೆ ಬದಲಿಸಿ. ಹಿಂಬದಿಯ ಉಕ್ಕಿನ ತಗಡನ್ನು ಅಳತೆಗೆ ಸೇರಿಸಬೇಡಿ. ಒಂದೇ ಆಕ್ಸಲ್‌ನ ಎರಡೂ ಚಕ್ರಗಳಿಗೆ ಒಟ್ಟಿಗೇ ಹಾಕಿ, ಇಲ್ಲದಿದ್ದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಬದಿಗೆ ಎಳೆಯುತ್ತದೆ.

ನಾರು, ರಾಳ ಬೆರೆಸಿ ಮಾಡಿದ ಆರ್ಗ್ಯಾನಿಕ್ ಪ್ಯಾಡ್ ಮೆತ್ತಗಿರುತ್ತದೆ. ಸದ್ದಿಲ್ಲ, ಪ್ಯಾಡ್ ಒತ್ತಿ ಹಿಡಿಯುವ ಡಿಸ್ಕ್‌ನ ಸವೆತವೂ ಕಡಿಮೆ. ಆದರೆ ಉದ್ದನೆಯ ಇಳಿಜಾರಿನಲ್ಲಿ ವಿಪರೀತ ಕಾದರೆ ಅದರೊಳಗಿನ ರಾಳ ಅನಿಲ ಬಿಡುತ್ತದೆ, ಹಿಡಿತ ತಪ್ಪುತ್ತದೆ. ಭಾರ ಹೊರುವ, ಬೆಟ್ಟ ಹತ್ತಿಳಿಯುವ ಗಾಡಿಗೆ ಲೋಹ ಬೆರೆಸಿದ ಸೆಮಿ ಮೆಟಾಲಿಕ್ಕೇ ಸರಿ. ಅದರ ಲೋಹ ಶಾಖವನ್ನು ಬೇಗ ಸಾಗಿಸುತ್ತದೆ. ಸದ್ದು, ಕಪ್ಪು ಧೂಳು, ಡಿಸ್ಕ್ ಸವೆತ ಮಾತ್ರ ಜಾಸ್ತಿ. ಸೆರಾಮಿಕ್ ಶಾಂತ, ಧೂಳೂ ಕಡಿಮೆ. ದುಬಾರಿ ಅಂದಮಾತ್ರಕ್ಕೆ ಗಾಡಿ ಬೇಗ ನಿಲ್ಲುತ್ತದೆ ಎಂದುಕೊಳ್ಳಬೇಡಿ.

ಅನೇಕ ಪ್ಯಾಡುಗಳ ಅಂಚಿನಲ್ಲಿ ಎರಡು ಇಂಗ್ಲಿಷ್ ಅಕ್ಷರ ಇರುತ್ತವೆ: ಮೊದಲನೆಯದು ಸಾಧಾರಣ ಶಾಖದ, ಎರಡನೆಯದು ಹೆಚ್ಚು ಶಾಖದ ಘರ್ಷಣಾಂಕ, ಅಂದರೆ ಹಿಡಿತದ ಅಳತೆ. ‘ಇ’ ಅಂದರೆ 0.25–0.35, ‘ಎಫ್’ 0.35–0.45, ‘ಜಿ’ 0.45–0.55. ‘ಎಫ್‌ಇ’ ಇದ್ದರೆ ಕಾದಂತೆ ಹಿಡಿತ ತಗ್ಗುತ್ತದೆ, ‘ಎಫ್ಎಫ್’ ಹಾಗಲ್ಲ.

ಜೋಡಿಸಿದ ಮೇಲೆ ಬ್ರೇಕ್ ಪೆಡಲ್ ಗಟ್ಟಿಯಾಗುವವರೆಗೆ ಮತ್ತೆ ಮತ್ತೆ ಒತ್ತಿಯೇ ಗಾಡಿ ಹೊರಡಿಸಿ. ಇದನ್ನು ಮರೆತರೆ ಮೊದಲ ಒತ್ತಿಗೆ ಬ್ರೇಕೇ ಹಿಡಿಯದು.